ವರ್ಜೀನಿಯಾದಲ್ಲಿ 86 ಮೈಲಿ ವೇಗಕ್ಕೆ 'ಮಿಸ್‌ಡಿಮೀನರ್' ಅಂತೆ. ಇದು ಬರೀ ಟಿಕೆಟ್ಟಾ, ಕ್ರೈಮಾ?

ಕಾಳುಮೆಣಸು (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮನೆಯವರನ್ನೆಲ್ಲ ಕರೆದುಕೊಂಡು ಸ್ಮೋಕಿ ಮೌಂಟನ್ಸ್‌ಗೆ ಹೋಗಿದ್ದೆ. ವಾಪಸ್ ಬರುವಾಗ ವರ್ಜೀನಿಯಾದ ಐ-81 ಹೆದ್ದಾರಿ. ಲಿಮಿಟ್ 70. ಇಳಿಜಾರು. ಹಿಂದೆ ಒಂದು ದೊಡ್ಡ ಟ್ರಕ್ ಮೈಮೇಲೆ ಬರುವ ಹಾಗೆ ಬರುತ್ತಿತ್ತು. ಅದರಿಂದ ತಪ್ಪಿಸಿಕೊಳ್ಳೋಣ ಅಂತ ಸ್ವಲ್ಪ ಒತ್ತಿದೆ. ಗುಡ್ಡದ ಆಚೆ ಪೊಲೀಸ್ ಕಾರು ನಿಂತಿತ್ತು. ರೇಡಾರ್‌ನಲ್ಲಿ 86.

ಪೊಲೀಸಪ್ಪ ತುಂಬಾ ಮರ್ಯಾದಸ್ಥ. 'ಸರ್' ಅಂತಲೇ ಮಾತಾಡಿಸಿದ. ಒಂದು ಹಳದಿ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡ. ನಾನೂ ಸ್ಪೀಡಿಂಗ್ ಟಿಕೆಟ್, 200 ಡಾಲರ್ ಹೋಯಿತು ಅಂದುಕೊಂಡು ಜೇಬಿಗಿಟ್ಟುಕೊಂಡೆ. ಮನೆಗೆ ಬಂದು ಬಿಡಿಸಿ ನೋಡಿದರೆ 'ರೆಕ್‌ಲೆಸ್ ಡ್ರೈವಿಂಗ್' (ಅಜಾಗರೂಕ ಚಾಲನೆ) ಅಂತ ಇದೆ. ಕೋರ್ಟ್ ತಾರೀಕು ಹಾಕಿದ್ದಾರೆ. ಗೂಗಲ್ ಮಾಡಿದರೆ 'ಕ್ಲಾಸ್ 1 ಮಿಸ್‌ಡಿಮೀನರ್, 12 ತಿಂಗಳವರೆಗೆ ಜೈಲು, 2500 ಡಾಲರ್‌ವರೆಗೆ ದಂಡ' ಅಂತ ಬರುತ್ತಿದೆ. ರಾತ್ರಿ ನಿದ್ದೆ ಇಲ್ಲ.

ನಾನು ಎಚ್‌1ಬಿಯಲ್ಲಿದ್ದೇನೆ. ಗ್ರೀನ್ ಕಾರ್ಡ್ ಲೈನಿನಲ್ಲಿ ಒಂಬತ್ತು ವರ್ಷದಿಂದ ನಿಂತಿದ್ದೇನೆ. ಆಫೀಸಿನ ಗೆಳೆಯ 'ಬರೀ ಮಿಸ್‌ಡಿಮೀನರ್ (ಚಿಕ್ಕ ಅಪರಾಧ) ಕಣೋ, ಫೆಲನಿ (ದೊಡ್ಡ ಅಪರಾಧ) ಅಲ್ಲವಲ್ಲ, ದಂಡ ಕಟ್ಟಿ ಮರೆತುಬಿಡು' ಅನ್ನುತ್ತಾನೆ. ಹೆಂಡತಿ 'ಕ್ರಿಮಿನಲ್ ಕೇಸಂತೆ' ಅಂತ ಅಳುತ್ತಾಳೆ. ಯಾರು ಸರಿ?

ಬಿಸಿಬೇಳೆ (ಡಲ್ಲಾಸ್)

ಗೆಳೆಯರೂ ಸರಿ, ಮನೆಯವರೂ ಸರಿ. ಮಿಸ್‌ಡಿಮೀನರ್ ಕೂಡ ಕ್ರೈಮೇ. ಆದರೆ ಹೆದರಬೇಡಿ. ನಮ್ಮ ಟೆಕ್ಸಾಸ್‌ನಲ್ಲಿ ಸಾಮಾನ್ಯ ಸ್ಪೀಡಿಂಗ್ ಟಿಕೆಟ್ ಕೂಡ 'ಕ್ಲಾಸ್ ಸಿ ಮಿಸ್‌ಡಿಮೀನರ್'. ಆ ಕ್ಲಾಸಿಗೆ 500 ಡಾಲರ್‌ವರೆಗೆ ದಂಡ, ಜೈಲು ಇಲ್ಲವೇ ಇಲ್ಲ. ಇಲ್ಲಿ ಅರ್ಧ ಊರೇ ಆ ಲೆಕ್ಕದಲ್ಲಿ ಮಿಸ್‌ಡಿಮೀನರ್ ಮಾಡಿದೆ. ನಿಮ್ಮದು ಅದಕ್ಕಿಂತ ಮೇಲಿನದು. ಒಂದೇ ಹೆಸರು, ತೂಕ ಬೇರೆ ಬೇರೆ.

ಸಹಿ ಹಾಕಿದ್ದಕ್ಕೆ ಚಿಂತೆ ಬೇಡ. ಅದು ತಪ್ಪೊಪ್ಪಿಗೆ ಅಲ್ಲ, ಕೋರ್ಟಿಗೆ ಬರುತ್ತೇನೆ ಅನ್ನುವ ಮಾತು ಅಷ್ಟೇ.

ಹಿಂದಿನ_ಬೆಂಚು (ಬಾಲ್ಟಿಮೋರ್)

ವರ್ಜೀನಿಯಾ ಈ ವಿಷಯದಲ್ಲಿ ಬಹಳ ಕುಖ್ಯಾತ. ಅಲ್ಲಿ ಲಿಮಿಟ್‌ಗಿಂತ 20 ಮೈಲಿ ಜಾಸ್ತಿ ಓಡಿಸಿದರೆ ರೆಕ್‌ಲೆಸ್. ಇಲ್ಲವೇ ಲಿಮಿಟ್ ಎಷ್ಟೇ ಇರಲಿ, 85 ದಾಟಿದರೆ ರೆಕ್‌ಲೆಸ್. ನೀವು 16 ಮೈಲಿ ಮಾತ್ರ ಜಾಸ್ತಿ ಓಡಿಸಿದ್ದೀರಿ. ಆದರೆ 85ರ ಗೆರೆಯನ್ನು ಒಂದೇ ಒಂದು ಮೈಲಿ ದಾಟಿದ್ದೀರಿ. 85ಕ್ಕೇ ನಿಂತಿದ್ದರೆ ಬರೀ ಟಿಕೆಟ್. 2020ರ ಜುಲೈಗೆ ಮೊದಲು ಆ ಗೆರೆ 80ಕ್ಕೇ ಇತ್ತು. ಆಗ 70ರ ರಸ್ತೆಯಲ್ಲಿ 81 ಓಡಿಸಿದವರೂ ಕ್ರಿಮಿನಲ್ ಕೋರ್ಟಿಗೆ ಹೋಗಿ ನಿಂತಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ಅಪರಾಧಕ್ಕೆ ಅತಿ ಹೆಚ್ಚು ಅಂದರೆ ಎಷ್ಟು ಶಿಕ್ಷೆ ಕೊಡಬಹುದು ಅಂತ ಕಾನೂನಿನಲ್ಲಿ ಬರೆದಿರುತ್ತದಲ್ಲ, ಅದನ್ನು ನೋಡಬೇಕು. ಜಡ್ಜ್ ನಿಮಗೆ ಎಷ್ಟು ಕೊಟ್ಟರು ಅನ್ನುವುದನ್ನಲ್ಲ. ಫೆಡರಲ್ ಕಾನೂನಿನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಕೊಡಬಹುದಾದರೆ ಫೆಲನಿ. ಒಂದು ವರ್ಷ ಅಥವಾ ಕಡಿಮೆ ಇದ್ದರೆ ಮಿಸ್‌ಡಿಮೀನರ್. ಐದು ದಿನ ಅಥವಾ ಕಡಿಮೆ ಇದ್ದರೆ, ಇಲ್ಲವೇ ಜೈಲೇ ಇಲ್ಲದಿದ್ದರೆ ಇನ್‌ಫ್ರಾಕ್ಷನ್, ಅಂದರೆ ಸಣ್ಣ ನಿಯಮಭಂಗ. ಫೆಲನಿಯಲ್ಲಿ ಎ ಇಂದ ಇ ತನಕ ಮೆಟ್ಟಿಲು. ಎ ಅಂದರೆ ಜೀವಾವಧಿ ಅಥವಾ ಮರಣದಂಡನೆ. ಫೆಲನಿ ಕೇಸಿನಲ್ಲಿ ಒಂದು ದಿನವೂ ಒಳಗೆ ಹೋಗದೆ ಬಂದರೂ ಅದು ಫೆಲನಿಯೇ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಟ್ರಂಪ್. ನ್ಯೂಯಾರ್ಕ್‌ನಲ್ಲಿ ಸುಳ್ಳು ಲೆಕ್ಕ ಬರೆಯುವುದು ಬರೀ ಮಿಸ್‌ಡಿಮೀನರ್. ಇನ್ನೊಂದು ಅಪರಾಧ ಮಾಡಲು ಅಥವಾ ಮುಚ್ಚಿಡಲು ಬರೆದರೆ ಅದೇ ಕೆಲಸ ಕ್ಲಾಸ್ ಇ ಫೆಲನಿ. 2024ರ ಮೇ 30ರಂದು 34 ಫೆಲನಿಗಳಲ್ಲಿ ತಪ್ಪಿತಸ್ಥ ಅಂತ ಜ್ಯೂರಿ ಹೇಳಿತು. 2025ರ ಜನವರಿ 10ರಂದು ಜಡ್ಜ್ ಜೈಲೂ ಇಲ್ಲ, ದಂಡವೂ ಇಲ್ಲ ಅಂತ ಬಿಟ್ಟರು. ಶಿಕ್ಷೆ ಸೊನ್ನೆ, ಹಣೆಪಟ್ಟಿ ಮಾತ್ರ ಫೆಲನಿ.

ಮೇಲ್ವಿಚಾರಕರು

ರಾಜಕೀಯ ಇಲ್ಲಿಗೆ ಸಾಕು. ಆ ಉದಾಹರಣೆಯ ಮೇಲೆ ಬಂದ ಹನ್ನೊಂದು ಉತ್ತರಗಳನ್ನು ತೆಗೆದಿದ್ದೇವೆ. ಮತ್ತೆ, ಇಲ್ಲಿ ಯಾರೂ ನಿಮ್ಮ ವಕೀಲರಲ್ಲ ಅನ್ನುವುದು ನೆನಪಿರಲಿ.

ಸ್ಯಾನ್‌ಹೋಸೆ_ಮಾವ

'ಒಂದು ವರ್ಷದ ಗೆರೆ' ಅಂದುಕೊಂಡು ನಿಶ್ಚಿಂತೆಯಿಂದ ಇರಬೇಡಿ. ಆ ಗೆರೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಡೆ ಇದೆ. ಬಾಲ್ಟಿಮೋರ್‌ನವರೇ ಹೇಳಲಿ, ಅವರ ಮೇರಿಲ್ಯಾಂಡ್‌ನಲ್ಲಿ ಸೆಕೆಂಡ್ ಡಿಗ್ರಿ ಅಸಾಲ್ಟ್ (ಹಲ್ಲೆ) ಅನ್ನುವುದು ಮಿಸ್‌ಡಿಮೀನರ್. ಶಿಕ್ಷೆ 10 ವರ್ಷದವರೆಗೆ! ಪೆನ್ಸಿಲ್ವೇನಿಯಾದಲ್ಲಿ ಮೊದಲ ದರ್ಜೆಯ ಮಿಸ್‌ಡಿಮೀನರ್‌ಗೆ 5 ವರ್ಷದವರೆಗೆ. ಮಸಾಚುಸೆಟ್ಸ್‌ನಲ್ಲಿ ಎರಡೂವರೆ ವರ್ಷದವರೆಗೆ ಕೌಂಟಿ (ನಮ್ಮ ಜಿಲ್ಲೆಯ ಥರ) ಜೈಲಿನಲ್ಲಿ ಕೂರಿಸಬಹುದು, ಆದರೂ ಮಿಸ್‌ಡಿಮೀನರ್. ಅಲ್ಲಿ ಎಷ್ಟು ದಿನ ಅನ್ನುವುದಕ್ಕಿಂತ ಯಾವ ಕಟ್ಟಡ ಅನ್ನುವುದು ಮುಖ್ಯ. ಸ್ಟೇಟ್ ಪ್ರಿಸನ್‌ಗೆ ಕಳಿಸಬಹುದಾದರೆ ಫೆಲನಿ.

ನಾವು ಕನ್ನಡದಲ್ಲಿ ಎರಡಕ್ಕೂ ಜೈಲು ಅಂದುಬಿಡುತ್ತೇವೆ. ಇಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ. ಜೈಲ್ ಕೌಂಟಿಯದ್ದು, ಪ್ರಿಸನ್ ರಾಜ್ಯದ್ದು. ಮಿಸ್‌ಡಿಮೀನರ್‌ನವರು ಜೈಲಿಗೆ, ಫೆಲನಿಯವರು ಪ್ರಿಸನ್‌ಗೆ ಅನ್ನುವುದು ಹಳೇ ಲೆಕ್ಕ. 2011ರ ಮೇಲೆ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಫೆಲನಿಗಳಿಗೂ ಕೌಂಟಿ ಜೈಲೇ. ಆ ಲೆಕ್ಕವೂ ಕೆಟ್ಟಿತು.

ಬಿಸಿಬೇಳೆ

ಕಳ್ಳತನದ ಮೊತ್ತ ನೋಡಿದರೆ ಇನ್ನೂ ತಮಾಷೆ. ಯಾರೋ 800 ಡಾಲರ್‌ನ ಒಂದು ಫೋನು ಕದ್ದರು ಅಂತ ಇಟ್ಟುಕೊಳ್ಳಿ. ಟೆಕ್ಸಾಸ್‌ನಲ್ಲಿ ಫೆಲನಿ ಶುರುವಾಗುವುದು 2500 ಡಾಲರ್‌ಗೆ, ಹಾಗಾಗಿ ಮಿಸ್‌ಡಿಮೀನರ್. ಮಾವನವರ ಕ್ಯಾಲಿಫೋರ್ನಿಯಾದಲ್ಲಿ ಗೆರೆ 950, ಅಲ್ಲೂ ಮಿಸ್‌ಡಿಮೀನರ್. ವರ್ಜೀನಿಯಾದಲ್ಲಿ 2018ರ ತನಕ ಗೆರೆ 200 ಡಾಲರ್ ಇತ್ತು, ಆಗಾಗಿದ್ದರೆ ಫೆಲನಿ. ಈಗ 1000. ಕಾಳುಮೆಣಸು ಅವರ ನ್ಯೂಜೆರ್ಸಿಯಲ್ಲಿ 500 ದಾಟಿದರೆ ಮೂರರಿಂದ ಐದು ವರ್ಷದ ಅಪರಾಧ.

ಕಾಳುಮೆಣಸು

ನಮ್ಮ ನ್ಯೂಜೆರ್ಸಿಯಲ್ಲಿ ಫೆಲನಿ ಯಾವುದು, ಮಿಸ್‌ಡಿಮೀನರ್ ಯಾವುದು ಅಂತ ಹುಡುಕಿದೆ. ಎರಡೂ ಸಿಗಲಿಲ್ಲ. ಸರಿಯಾಗಿ ನೋಡಿಲ್ಲವೇನೋ?

ಹಿಂದಿನ_ಬೆಂಚು

ಸರಿಯಾಗೇ ನೋಡಿದ್ದೀರಿ. ನ್ಯೂಜೆರ್ಸಿಯ ಕಾನೂನು ಆ ಎರಡು ಪದ ಬಳಸುವುದೇ ಇಲ್ಲ. ಅಲ್ಲಿ ಮೊದಲ ಡಿಗ್ರಿಯಿಂದ ನಾಲ್ಕನೇ ಡಿಗ್ರಿ ತನಕ 'ಕ್ರೈಮ್'. ಅದರ ಕೆಳಗೆ 'ಡಿಸಾರ್ಡರ್ಲಿ ಪರ್ಸನ್ಸ್ ಅಫೆನ್ಸ್', ಹೆಚ್ಚೆಂದರೆ ಆರು ತಿಂಗಳು. ಮೊದಲ ಡಿಗ್ರಿ ಅಂದರೆ ಅತಿ ದೊಡ್ಡದು. ನಮ್ಮ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಥರ ಓದಿಕೊಂಡು ಖುಷಿಪಡಬೇಡಿ. ಮೇನ್ ರಾಜ್ಯದಲ್ಲೂ ಆ ಪದಗಳಿಲ್ಲ, ಕ್ಲಾಸ್ ಎ ಇಂದ ಇ ಅಷ್ಟೇ.

ಆದರೆ ನೌಕರಿ ಅರ್ಜಿಯಲ್ಲಿ 'ಫೆಲನಿ ಆಗಿದೆಯಾ' ಅಂತ ಕೇಳಿದರೆ 'ನಮ್ಮ ರಾಜ್ಯದಲ್ಲಿ ಆ ಪದವೇ ಇಲ್ಲ ಸ್ವಾಮಿ' ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಷ್ಟು ಶಿಕ್ಷೆ ಕೊಡಬಹುದಿತ್ತು ಅನ್ನುವುದರ ಮೇಲೆ ಬೇರೆ ರಾಜ್ಯದವರು ಅಳೆಯುತ್ತಾರೆ.

ಕರಿಕೋಟು (ಧಾರವಾಡ)

ನಾನು ಅಮೆರಿಕಾ ನೋಡಿಲ್ಲ. ಇಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಮಗಳು ಷಿಕಾಗೋದಲ್ಲಿ ಇರುವುದರಿಂದ ಈ ವೇದಿಕೆ ಓದುತ್ತಿರುತ್ತೇನೆ. ಒಂದೆರಡು ಮಾತು.

ಫೆಲನಿ ಅನ್ನುವುದು ಇಂಗ್ಲೆಂಡಿನ ಹಳೇ ಪದ. ಆಗ ಅದರ ಗುರುತು ಜೈಲಿನ ವರ್ಷಗಳಲ್ಲ. ಫೆಲನಿ ಮಾಡಿದವನ ಹೊಲ, ಮನೆ, ಸಾಮಾನು ಎಲ್ಲ ಮುಟ್ಟುಗೋಲು. ಬಹಳಷ್ಟಕ್ಕೆ ಗಲ್ಲು. 12 ಪೆನ್ಸ್‌ಗಿಂತ ಹೆಚ್ಚು ಬೆಲೆಯ ಮಾಲು ಕದ್ದರೆ ಕುತ್ತಿಗೆಗೆ ಹಗ್ಗ. ನೀವು ಮೇಲೆ ಹೇಳಿದ 950, 2500 ಡಾಲರ್ ಎಲ್ಲ ಆ 12 ಪೆನ್ಸ್‌ನ ಮೊಮ್ಮಕ್ಕಳು.

ನಮ್ಮ ಮಂದಿ ಕೇಳುವುದುಂಟು, ಭಾರತದಲ್ಲಿ ಇದಕ್ಕೆ ಏನಂತಾರೆ ಅಂತ. ಏನೂ ಅನ್ನುವುದಿಲ್ಲ. ಇಲ್ಲಿ ಅದು ಇಲ್ಲವೇ ಇಲ್ಲ. ಮೆಕಾಲೆಯ ಲಾ ಕಮಿಷನ್ 1837ರಲ್ಲಿ ದಂಡ ಸಂಹಿತೆಯ ಕರಡು ಮಾಡಿತು, 1860ರಲ್ಲಿ ಅದು ಕಾಯ್ದೆಯಾಯಿತು. ಅದರಲ್ಲಿ ಫೆಲನಿಯೂ ಇಲ್ಲ, ಮಿಸ್‌ಡಿಮೀನರೂ ಇಲ್ಲ. ಬರೀ 'ಅಫೆನ್ಸ್', ಅಪರಾಧ. ತಮಾಷೆ ಏನಂದರೆ ಇಂಗ್ಲೆಂಡಿನವರು ತಮ್ಮ ಮನೆಯೊಳಗೆ ಆ ಭೇದ ತೆಗೆದು ಹಾಕಿದ್ದು 1967ರಲ್ಲಿ. ನಮಗೆ ಕೊಟ್ಟ ಕಾನೂನಿನಲ್ಲಿ ನೂರು ವರ್ಷ ಮೊದಲೇ ಬಿಟ್ಟಿದ್ದರು. ಇಬ್ಬರೂ ಬಿಟ್ಟದ್ದನ್ನು ಅಮೆರಿಕಾದವರು ಇನ್ನೂ ಹಿಡಿದುಕೊಂಡಿದ್ದಾರೆ.

ಇಲ್ಲಿ ನಮ್ಮ ಹತ್ತಿರ ಕಕ್ಷಿದಾರ ಬಂದರೆ ಮೊದಲು ಎರಡು ಪ್ರಶ್ನೆ. ಕಾಗ್ನಿಜಬಲ್ಲೋ ಅಲ್ಲವೋ? ಬೇಲಬಲ್ಲೋ ಅಲ್ಲವೋ? ಮೊದಲನೆಯದು ಪೊಲೀಸರ ಕೈ ಎಷ್ಟು ಉದ್ದ ಅನ್ನುವ ಪ್ರಶ್ನೆ. ಕಾಗ್ನಿಜಬಲ್ ಆದರೆ ವಾರಂಟ್ ಇಲ್ಲದೆ ಹಿಡಿಯಬಹುದು, ತನಿಖೆ ಶುರು ಮಾಡಬಹುದು. ಅಲ್ಲದಿದ್ದರೆ ಎನ್‌ಸಿಆರ್ (ನಾನ್ ಕಾಗ್ನಿಜಬಲ್ ರಿಪೋರ್ಟ್) ಬರೆದುಕೊಂಡು ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯಬೇಕು. ಎರಡನೆಯದು ಜಾಮೀನು ಹಕ್ಕೋ, ಕೋರ್ಟಿನ ದಯೆಯೋ ಅನ್ನುವುದು. ಸುಮಾರಾಗಿ ಮೂರು ವರ್ಷ ಮತ್ತು ಮೇಲಿನ ಶಿಕ್ಷೆಯವು ಕಾಗ್ನಿಜಬಲ್, ಆದರೆ ಪಟ್ಟಿ ನೋಡದೆ ಹೇಳಬಾರದು. 2024ರ ಜುಲೈ 1ರಿಂದ ಸಂಹಿತೆಗಳ ಹೆಸರು ಬದಲಾದವು. ಈ ಎರಡು ಪ್ರಶ್ನೆ ಬದಲಾಗಲಿಲ್ಲ.

ನಿದ್ದೆಗಣ್ಣು

ಸರ್, ಹಾಗಾದರೆ ಭಾರತದಲ್ಲಿ ಚಿಕ್ಕ ಕಳ್ಳತನಕ್ಕೂ ದೊಡ್ಡದಕ್ಕೂ ವ್ಯತ್ಯಾಸವೇ ಇಲ್ವಾ?

ಕರಿಕೋಟು

ಮೊದಲು ಇರಲಿಲ್ಲ ಅಂತಲೇ ಹೇಳಬೇಕು. ಹಳೇ ದಂಡ ಸಂಹಿತೆ, ಅಂದರೆ ಐಪಿಸಿಯ 379ನೇ ಕಲಂನಲ್ಲಿ ಪೆನ್ನು ಕದ್ದರೂ ಒಂದೇ, ಬೈಕು ಕದ್ದರೂ ಒಂದೇ, ಮೂರು ವರ್ಷದವರೆಗೆ. ಹೊಸ ನ್ಯಾಯ ಸಂಹಿತೆಯಲ್ಲಿ 5000 ರೂಪಾಯಿಯ ಗೆರೆ ಬಂದಿದೆ. ಮಾಲು ಅದಕ್ಕಿಂತ ಕಡಿಮೆ ಬೆಲೆಯದು, ಮೊದಲ ಸಲ, ಮಾಲು ವಾಪಸ್ ಕೊಟ್ಟ ಅಂದರೆ ಸಮುದಾಯ ಸೇವೆ. ಫೆಲನಿ ಅನ್ನುವ ಪದ ಬಿಟ್ಟರೂ ಗೆರೆ ಎಳೆಯುವ ಚಪಲ ಬಿಡುವುದಿಲ್ಲ ನೋಡಿ.

ಸ್ಯಾನ್‌ಹೋಸೆ_ಮಾವ

ಗೆರೆಯ ಮಾತು ಬಂತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗೆರೆಯ ಮೇಲೇ ಕೂತಿರುವ ಅಪರಾಧಗಳಿವೆ. ವಕೀಲರ ಭಾಷೆಯಲ್ಲಿ 'ವಾಬ್ಲರ್'. ಓಲಾಡುವುದು ಅಂತ. ಫೆಲನಿ ಅಂತಲೂ ಹಾಕಬಹುದು, ಮಿಸ್‌ಡಿಮೀನರ್ ಅಂತಲೂ ಹಾಕಬಹುದು. ಮೊದಲು ಪ್ರಾಸಿಕ್ಯೂಟರ್ ಕೈಯಲ್ಲಿ, ಆಮೇಲೆ ಜಡ್ಜ್ ಕೈಯಲ್ಲಿ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅಂದರೆ, ಗ್ಯಾರಿ ಯೂವಿಂಗ್ ಅನ್ನುವವನ ಕೇಸು ಓದಿ. ಲಾಸ್ ಏಂಜಲಿಸ್ ಹತ್ತಿರ ಒಂದು ಗಾಲ್ಫ್ ಅಂಗಡಿಯಿಂದ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನೊಳಗೆ ತೂರಿಸಿಕೊಂಡು ಹೊರಟ. ಒಂದೊಂದು 399 ಡಾಲರ್. ಆ ಕಳ್ಳತನ ವಾಬ್ಲರ್. ಜಡ್ಜ್ ಮಿಸ್‌ಡಿಮೀನರ್ ಅಂದಿದ್ದರೆ ಕೌಂಟಿ ಜೈಲಿನಲ್ಲಿ ಒಂದಷ್ಟು ತಿಂಗಳು ಇದ್ದು ಬರುತ್ತಿದ್ದ. ಫೆಲನಿ ಅಂತಲೇ ಇಟ್ಟರು. ಹಿಂದೆ ಮನೆಗಳ್ಳತನ, ದರೋಡೆ ಮಾಡಿದ್ದ. 1994ರ 'ತ್ರೀ ಸ್ಟ್ರೈಕ್ಸ್' ಕಾನೂನಿನಲ್ಲಿ (ಹಿಂದೆ ಗಂಭೀರ ಅಪರಾಧ ಮಾಡಿದವರು ಮತ್ತೆ ಸಿಕ್ಕಿದರೆ ಭಾರೀ ಶಿಕ್ಷೆ) ಇದು ಮೂರನೇ ಏಟು. 25 ವರ್ಷದಿಂದ ಜೀವಾವಧಿ, ಅಂದರೆ ಕನಿಷ್ಠ 25 ವರ್ಷ, ಹೆಚ್ಚೆಂದರೆ ಸಾಯುವ ತನಕ. 2003ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಸರಿ ಅಂತ ಎತ್ತಿಹಿಡಿಯಿತು. ಅದೇ ದಿನ ಇನ್ನೊಂದು ತೀರ್ಪು, ಸುಮಾರು 150 ಡಾಲರ್‌ನ ವಿಡಿಯೋ ಕ್ಯಾಸೆಟ್ ಕದ್ದವನಿಗೆ 50 ವರ್ಷದಿಂದ ಜೀವಾವಧಿ. 2012ರಲ್ಲಿ ಜನ ಮತ ಹಾಕಿ ಆ ಕಾನೂನನ್ನು ಸಡಿಲ ಮಾಡಿದರು.

ಹಿಂದಿನ ಪಾಪ ಇಲ್ಲದಿದ್ದರೆ ಗಾಲ್ಫ್ ಕೋಲಿಗೆ ಯಾರೂ ಅಷ್ಟು ಕೊಡುತ್ತಿರಲಿಲ್ಲ, ಸರಿ. ಆದರೂ ಜಡ್ಜ್ ಪೆನ್ನು ಆ ಕಡೆ ತಿರುಗಿದ್ದರೆ? ನಾನು ಸಿಟಿಜನ್ ಆದ ಮೇಲೆ ಒಂದು ಸಲ ಜ್ಯೂರಿಗೆ ಕೂತಿದ್ದೆ. ಕುಡಿದು ಕಾರು ಓಡಿಸಿದ ಕೇಸು, ಮಿಸ್‌ಡಿಮೀನರ್. ಮೂರು ದಿನ ಕೂರಿಸಿದರು. ಇಷ್ಟು ಚಿಕ್ಕದಕ್ಕೆ ಹನ್ನೆರಡು ಜನ ಯಾಕೆ ಅನ್ನಿಸಿತ್ತು. ಕಟಕಟೆಯಲ್ಲಿದ್ದ ಹುಡುಗನ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ.

ಹಿಂದಿನ_ಬೆಂಚು

ಆ ಹುಡುಗನ ಪುಣ್ಯ, ಕ್ಯಾಲಿಫೋರ್ನಿಯಾ. ಸುಪ್ರೀಂ ಕೋರ್ಟ್ ಲೆಕ್ಕದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಶಿಕ್ಷೆ ಇದ್ದರೆ ಮಾತ್ರ ಜ್ಯೂರಿ ಹಕ್ಕು, 1970ರ ತೀರ್ಪು. ನ್ಯೂಜೆರ್ಸಿಯ ಡಿಸಾರ್ಡರ್ಲಿ ಕೇಸಿಗೆ ಜ್ಯೂರಿ ಸಿಗುವುದಿಲ್ಲ. ವಕೀಲರ ವಿಷಯವೂ ಹಾಗೇ. 1963ರ ಗಿಡಿಯನ್ ತೀರ್ಪು ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ ಕೊಡಿಸಿದ್ದು ಫೆಲನಿಗೆ. ಜೈಲಾಗುವ ಮಿಸ್‌ಡಿಮೀನರ್‌ಗೂ ಬೇಕು ಅಂತ ಆಗಿದ್ದು 1972ರಲ್ಲಿ.

ಕಾಳುಮೆಣಸು ಅವರ ಕೇಸು ಜನರಲ್ ಡಿಸ್ಟ್ರಿಕ್ಟ್ ಕೋರ್ಟ್. ಅಲ್ಲಿ ಜಡ್ಜ್ ಒಬ್ಬರೇ. ಸೋತರೆ ಹತ್ತು ದಿನದೊಳಗೆ ಸರ್ಕಿಟ್ ಕೋರ್ಟಿಗೆ ಅಪೀಲು ಹಾಕಿ ಮೊದಲಿನಿಂದ ವಿಚಾರಣೆ ಕೇಳಬಹುದು.

ಸೋಲಾಪುರ_ಚಾದರ

ಎಲ್ಲ ಓದಿದೆ. ಒಂದು ಮಾತು ಕೇಳಲಾ? ತಪ್ಪು ಮಾಡುವುದು, ಆಮೇಲೆ ಗೆರೆ ಎಲ್ಲಿದೆ ಅಂತ ಹುಡುಕುವುದು. 86 ಓಡಿಸದಿದ್ದರೆ ಆಗುತ್ತಿತ್ತಲ್ಲ? ಬೇರೆಯವರ ದೇಶದಲ್ಲಿದ್ದೀವಿ. ನಿಯಮ ಪಾಲಿಸಿದರೆ ಫೆಲನಿ, ಮಿಸ್‌ಡಿಮೀನರ್ ಯಾವ ಪಾಠವೂ ಬೇಕಿಲ್ಲ.

ನಿದ್ದೆಗಣ್ಣು

ಸೋಲಾಪುರದವರೇ, ನಿಮ್ಮ ಮಾತು ಸರಿ. ಆದರೂ ನನ್ನ ರೂಮ್‌ಮೇಟ್ ಕಥೆ ಹೇಳುತ್ತೇನೆ, ಆಮೇಲೆ ಹೇಳಿ.

ನಾನು ನ್ಯೂಯಾರ್ಕ್ ರಾಜ್ಯದಲ್ಲಿ ಎಂಎಸ್ ಓದುತ್ತಿದ್ದೆ. ಅವಳು ಸೆಲ್ಫ್ ಚೆಕ್‌ಔಟ್‌ನಲ್ಲಿ ಸಾಮಾನು ತಗೊಂಡು ಬರುತ್ತಿದ್ದಳು. ಎರಡು ಸಾಮಾನು ಸ್ಕ್ಯಾನ್ ಆಗಿರಲಿಲ್ಲ. ಬೇಕಂತಲೋ, ಮರೆತೋ, ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಲೂ ಇಲ್ಲ. 38 ಡಾಲರ್. ಬಾಗಿಲಲ್ಲಿ ತಡೆದು ಪೊಲೀಸ್ ಕರೆದರು. ಪೆಟಿಟ್ ಲಾರ್ಸನಿ (ಚಿಕ್ಕ ಕಳ್ಳತನ), ಕ್ಲಾಸ್ ಎ ಮಿಸ್‌ಡಿಮೀನರ್. ಅವಳೂ ಮೊದಲ ದಿನ ಅದೇ ಹೇಳಿದ್ದು, 'ಫೆಲನಿ ಅಲ್ಲವಲ್ಲ ಬಿಡು'.

ವಕೀಲರ ಹತ್ತಿರ ಹೋದಾಗ ಆ ಹೆಂಗಸು ಫೆಲನಿ, ಮಿಸ್‌ಡಿಮೀನರ್ ಮಾತೇ ಎತ್ತಲಿಲ್ಲ. ಮೊದಲು ವೀಸಾ ಯಾವುದು ಅಂತ ಕೇಳಿದರು. ಇಮಿಗ್ರೇಷನ್ ಕಾನೂನು ತನ್ನದೇ ಗೆರೆ ಎಳೆದುಕೊಂಡಿದೆಯಂತೆ. ಅಲ್ಲಿ ಮುಖ್ಯ ಪದ 'ಮಾರಲ್ ಟರ್ಪಿಟ್ಯೂಡ್'. ನೀತಿಗೆಟ್ಟ ಕೆಲಸ ಅಂತ ಇಟ್ಟುಕೊಳ್ಳಿ. ಮೋಸ, ಕಳ್ಳತನ ಸಾಮಾನ್ಯವಾಗಿ ಅದರಲ್ಲಿ ಬರುತ್ತವೆ, ಬೆಲೆ 38 ಡಾಲರ್ ಇದ್ದರೂ. ವೇಗವಾಗಿ ಕಾರು ಓಡಿಸುವುದು ಸಾಮಾನ್ಯವಾಗಿ ಬರುವುದಿಲ್ಲ. ಅಂದರೆ ಕಾಳುಮೆಣಸು ಅವರ 12 ತಿಂಗಳ ಕೇಸಿಗಿಂತ ಅವಳ 38 ಡಾಲರ್ ಕೇಸು ಅಪಾಯ.

ಒಂದೇ ಒಂದು ಅಂಥ ಅಪರಾಧ, ಅಮೆರಿಕಾಕ್ಕೆ ಬಂದ ಐದು ವರ್ಷದೊಳಗೆ, ಒಂದು ವರ್ಷ ಅಥವಾ ಜಾಸ್ತಿ ಶಿಕ್ಷೆ ಕೊಡಬಹುದಾಗಿದ್ದರೆ ಗಡೀಪಾರು ಮಾಡಬಹುದು. 'ಒಂದು ವರ್ಷ ಅಥವಾ ಜಾಸ್ತಿ', ನೋಡಿ ಪದ. ಎಷ್ಟೋ ಕಡೆ ಮಿಸ್‌ಡಿಮೀನರ್‌ಗೆ ಗರಿಷ್ಠ ಶಿಕ್ಷೆ ಸರಿಯಾಗಿ ಒಂದು ವರ್ಷ. ಸಿಕ್ಕಿಹಾಕಿಕೊಳ್ಳುತ್ತೀರಿ.

ಆಗ ವಕೀಲರು ನಕ್ಕು ಹೇಳಿದರು, ನಿನ್ನ ಅದೃಷ್ಟ, ನಮ್ಮ ರಾಜ್ಯ 2019ರಲ್ಲಿ ಒಂದು ದಿನ ಕಡಿಮೆ ಮಾಡಿದೆ ಅಂತ. ನ್ಯೂಯಾರ್ಕ್‌ನಲ್ಲಿ ಈಗ ಕ್ಲಾಸ್ ಎ ಮಿಸ್‌ಡಿಮೀನರ್‌ಗೆ ಹೆಚ್ಚೆಂದರೆ 364 ದಿನ. ವಾಷಿಂಗ್ಟನ್ ರಾಜ್ಯ 2011ರಲ್ಲೇ ಮಾಡಿತ್ತು, ಕ್ಯಾಲಿಫೋರ್ನಿಯಾ 2015ರಲ್ಲಿ. ಒಂದು ದಿನ ಕಡಿಮೆ ಮಾಡಿದ್ದು ಈ ಗಡೀಪಾರಿನ ಗೆರೆಯಿಂದ ಜನರನ್ನು ಈಚೆ ಎಳೆಯಲು.

ಅವಳ ಕೇಸು ಕೊನೆಗೆ ಡಿಸ್ಮಿಸ್ ಆಯಿತು. ಆರು ತಿಂಗಳು ಅವಳು ಸರಿಯಾಗಿ ಊಟ ಮಾಡಲಿಲ್ಲ. ಊರಲ್ಲಿ ಅಪ್ಪ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಸೋಲಾಪುರ_ಚಾದರ

ಡಿಸ್ಮಿಸ್ ಆದದ್ದು ಒಳ್ಳೆಯದಾಯಿತು ತಂಗಿ. ನನ್ನ ಮಗನೂ ಮುಂದಿನ ವರ್ಷ ಎಂಎಸ್‌ಗೆ ಹೊರಟಿದ್ದಾನೆ. ಅವನಿಗೆ ಇದನ್ನು ಓದಿಸುತ್ತೇನೆ.

ಬಿಸಿಬೇಳೆ

ನಿದ್ದೆಗಣ್ಣು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. 'ಅಗ್ರವೇಟೆಡ್ ಫೆಲನಿ' ಅಂತ ಇಮಿಗ್ರೇಷನ್ ಕಾನೂನಿನಲ್ಲಿ ಒಂದು ಪದ ಇದೆ. ಹೆಸರಿನಲ್ಲಿ ಫೆಲನಿ ಇದ್ದರೂ ಅದರಲ್ಲಿ ಮಿಸ್‌ಡಿಮೀನರ್‌ಗಳೂ ಬರುತ್ತವೆ! 1988ರಲ್ಲಿ ಶುರುವಾದಾಗ ಕೊಲೆ, ಡ್ರಗ್ಸ್, ಬಂದೂಕು ಸಾಗಾಟಕ್ಕೆ ಅಂತ ಇತ್ತು. 1996ರಲ್ಲಿ ಹಿಗ್ಗಿಸಿಬಿಟ್ಟರು. ಕಳ್ಳತನ ಅಥವಾ ಹೊಡೆದಾಟಕ್ಕೆ ಒಂದು ವರ್ಷ ಶಿಕ್ಷೆ ಅಂತ ಬರೆದರೆ ಸಾಕು. 'ಸಸ್ಪೆಂಡೆಡ್', ಅಂದರೆ ಜೈಲಿಗೆ ಹೋಗುವುದು ಬೇಡ ಅಂತ ಜಡ್ಜ್ ಹೇಳಿದರೂ ಲೆಕ್ಕಕ್ಕೆ ಬರುತ್ತದೆ. ಮತ್ತೆ ಈ ಕಾನೂನು ಹಿಂದಕ್ಕೂ ಅನ್ವಯ. ಜಾರ್ಜಿಯಾದಲ್ಲಿ 1988ರಲ್ಲಿ ಒಬ್ಬ ಹೆಂಗಸು ಜಗಳದಲ್ಲಿ ಇನ್ನೊಬ್ಬಳ ಕೂದಲು ಎಳೆದಿದ್ದಳು. ಮಿಸ್‌ಡಿಮೀನರ್, ಒಂದು ವರ್ಷ ಸಸ್ಪೆಂಡೆಡ್. ಹತ್ತು ವರ್ಷ ಕಳೆದ ಮೇಲೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದರೆ ಬಂದದ್ದು ಗಡೀಪಾರು ನೋಟಿಸು. ಮಗುವಾಗಿದ್ದಾಗ ಜರ್ಮನಿಯಿಂದ ಬಂದವಳು. 2000ದಲ್ಲಿ ರಾಜ್ಯದ ಕ್ಷಮಾ ಮಂಡಳಿ ಕ್ಷಮೆ ಕೊಟ್ಟ ಮೇಲೆ ಬಚಾವಾದಳು.

ಕುಡಿದು ಓಡಿಸುವುದು ಇನ್ನೊಂದು. ಮೊದಲ ಸಲದ್ದು ಹೆಚ್ಚಿನ ರಾಜ್ಯಗಳಲ್ಲಿ ಮಿಸ್‌ಡಿಮೀನರ್. ಆದರೆ 2015ರ ಕೊನೆಯಿಂದ ಬರೀ ಅರೆಸ್ಟ್ ಆದರೆ ಸಾಕು, ಸ್ಟೇಟ್ ಡಿಪಾರ್ಟ್‌ಮೆಂಟ್ (ವಿದೇಶಾಂಗ ಇಲಾಖೆ) ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದು ಮಾಡಬಹುದು. ಕೋರ್ಟ್ ತೀರ್ಪಿಗೆ ಕಾಯುವುದಿಲ್ಲ. ನಮ್ಮ ಗುಂಪಿನಲ್ಲೇ ಒಬ್ಬರಿಗೆ ಆ ಇಮೇಲ್ ಬಂತು. ಇಲ್ಲಿ ಕೆಲಸ ಮಾಡಿಕೊಂಡಿದ್ದರು, ತೊಂದರೆ ಆಗಲಿಲ್ಲ. ತಂದೆ ತೀರಿಕೊಂಡಾಗ ಹೊರಟರೆ ವಾಪಸ್ ಬರಲು ಹೊಸ ವೀಸಾ ಸಿಗುತ್ತದೋ ಇಲ್ಲವೋ ಅಂತ ಹೋಗಲೇ ಇಲ್ಲ.

ಕಾಳುಮೆಣಸು

ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಆನ್‌ಲೈನ್‌ನಲ್ಲೇ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡೋಣ ಅಂತ ಇದ್ದೆ.

ಸ್ಯಾನ್‌ಹೋಸೆ_ಮಾವ

ದಂಡ ಕಟ್ಟುವುದು ಅಂದರೆ ತಪ್ಪೊಪ್ಪಿಕೊಂಡ ಹಾಗೇ. ಅದೊಂದು ಮಾಡಬೇಡಿ. ಆ ಕೌಂಟಿಯಲ್ಲೇ ಇರುವ ಟ್ರಾಫಿಕ್ ವಕೀಲರನ್ನು ಹಿಡಿಯಿರಿ. 'ನಾನು ಸಿಟಿಜನ್ ಅಲ್ಲ' ಅಂತ ಮೊದಲ ವಾಕ್ಯದಲ್ಲೇ ಹೇಳಿ. 2010ರಲ್ಲಿ ಪಡಿಯಾ ವರ್ಸಸ್ ಕೆಂಟಕಿ ಅಂತ ತೀರ್ಪು ಬಂತು. ತಪ್ಪೊಪ್ಪಿಕೊಂಡರೆ ಗಡೀಪಾರು ಆಗಬಹುದಾ ಅಂತ ಕ್ರಿಮಿನಲ್ ವಕೀಲರು ಹೇಳಲೇಬೇಕು. ಆ ಪಡಿಯಾ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕಾದ ಪರ ಇದ್ದವನು, ನಲವತ್ತು ವರ್ಷದಿಂದ ಗ್ರೀನ್ ಕಾರ್ಡ್. 'ನೀನು ಇಲ್ಲೇ ಇಷ್ಟು ವರ್ಷ ಇದ್ದೀಯಲ್ಲ, ಏನೂ ಆಗಲ್ಲ' ಅಂತ ವಕೀಲ ಹೇಳಿದ್ದ ಅಂತೆ.

ಹಿಂದಿನ_ಬೆಂಚು

ವರ್ಜೀನಿಯಾದಲ್ಲಿ ಒಂದು ಸಣ್ಣ ಬಾಗಿಲಿದೆ. ರೆಕ್‌ಲೆಸ್ ಕೇಸಿನಲ್ಲಿ ತಪ್ಪು ಅಷ್ಟೇನೂ ದೊಡ್ಡದಲ್ಲ ಅನ್ನಿಸಿದರೆ ಜಡ್ಜ್ ಅದನ್ನು 'ಇಂಪ್ರಾಪರ್ ಡ್ರೈವಿಂಗ್'ಗೆ ಇಳಿಸಬಹುದು. ಅದು ಕ್ರೈಮ್ ಅಲ್ಲ, ಟ್ರಾಫಿಕ್ ಇನ್‌ಫ್ರಾಕ್ಷನ್. 500 ಡಾಲರ್‌ವರೆಗೆ ದಂಡ. 86 ಅಂದರೆ ಕೇಳಲು ಜಾಗ ಇದೆ. 96 ಆಗಿದ್ದರೆ ನಾನು ಈ ಮಾತು ಬರೆಯುತ್ತಿರಲಿಲ್ಲ. ಕಾರಿನ ಸ್ಪೀಡೋಮೀಟರ್ ಕ್ಯಾಲಿಬ್ರೇಷನ್ (ಸರಿಯಾದ ವೇಗ ತೋರಿಸುತ್ತಿದೆಯಾ ಅನ್ನುವ ಪರೀಕ್ಷೆ) ಮಾಡಿಸಿ ಸರ್ಟಿಫಿಕೇಟ್ ತಗೊಂಡು ಹೋಗಿ. ಅದು ಕಡಿಮೆ ತೋರಿಸುತ್ತಿದ್ದರೆ ಜಡ್ಜ್ ಕೇಳಿಸಿಕೊಳ್ಳುತ್ತಾರೆ.

ಕರಿಕೋಟು

ಫೆಲನಿಯ ಗೆರೆ ಎರಡು ದೇಶಗಳ ನಡುವೆ ಜಗಳ ತಂದದ್ದೂ ಇದೆ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಮ್ಮ ಡೆಪ್ಯುಟಿ ಕಾನ್ಸಲ್ ಜನರಲ್ ದೇವಯಾನಿ ಖೋಬ್ರಾಗಡೆ ಅವರನ್ನು ಬಂಧಿಸಿದ್ದು ನೆನಪಿರಬೇಕು. ಮನೆಗೆಲಸದವರ ವೀಸಾದಲ್ಲಿ ಸುಳ್ಳು ಹೇಳಿದ ಆರೋಪ. ಕಾನ್ಸುಲರ್ ಅಧಿಕಾರಿಯನ್ನು 'ಗಂಭೀರ ಅಪರಾಧ'ಕ್ಕೆ ಮಾತ್ರ ಬಂಧಿಸಬಹುದು ಅಂತ ವಿಯೆನ್ನಾ ಒಪ್ಪಂದದಲ್ಲಿದೆ. ಗಂಭೀರ ಅಂದರೆ ಏನು? ಅಮೆರಿಕಾ ಅದನ್ನು ಫೆಲನಿ ಅಂತ ಓದುತ್ತದೆ. ಆ ಆರೋಪ ಅವರ ಕಾನೂನಿನಲ್ಲಿ ಫೆಲನಿ. ನಮ್ಮವರು, ಇದೇನು ಗಂಭೀರ, ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವಷ್ಟು, ಅಂತ ಸಿಟ್ಟಾದರು. ದೆಹಲಿಯ ಅಮೆರಿಕಾ ರಾಯಭಾರ ಕಚೇರಿಯ ಎದುರಿನ ಬ್ಯಾರಿಕೇಡ್ ಎತ್ತಿಸಿಬಿಟ್ಟರು. ಸಂಬಳ ಸರಿಯಾಗಿ ಕೊಡಲಿಲ್ಲ ಅಂದ ಆ ಕೆಲಸದ ಹೆಣ್ಣುಮಗಳ ಕಡೆಯಿಂದ ಎಷ್ಟು ಮಂದಿ ಮಾತಾಡಿದರು ಅನ್ನುವುದು ಬೇರೆ ಪ್ರಶ್ನೆ. ನನಗೆ ಆಗಲೂ ಅದು ಚುಚ್ಚಿತ್ತು.

ಕಾಳುಮೆಣಸು

ಎಲ್ಲರಿಗೂ ಅಪ್‌ಡೇಟ್. ನಿನ್ನೆ ಕೋರ್ಟಿಗೆ ಹೋಗಿ ಬಂದೆ.

ವಕೀಲರು ಸಿಕ್ಕರು, ಆ ಊರಿನವರೇ. ಕ್ಯಾಲಿಬ್ರೇಷನ್ ಮಾಡಿಸಿದೆ. ನನ್ನ ಮೀಟರ್ 2 ಮೈಲಿ ಕಡಿಮೆ ತೋರಿಸುತ್ತಿತ್ತು. ಅಂದರೆ ನನ್ನ ಕಣ್ಣಿಗೆ 84 ಕಾಣಿಸುವಾಗ ಕಾರು 86ರಲ್ಲಿ ಓಡುತ್ತಿತ್ತು. ಎಂಟು ಗಂಟೆಯ ಡ್ರೈವಿಂಗ್ ಕ್ಲಾಸನ್ನೂ ಮೊದಲೇ ಮುಗಿಸಿಕೊಂಡು ಹೋಗಿದ್ದೆ.

ಹಿಂದಿನ ರಾತ್ರಿಯೇ ಹೋಗಿ ಮೋಟೆಲಿನಲ್ಲಿ ಉಳಿದೆವು. ಬೆಳಿಗ್ಗೆ ಒಂಬತ್ತೂವರೆಗೆ ಕೋರ್ಟ್ ತುಂಬಿತ್ತು. ನಮ್ಮ ಮುಂದಿದ್ದ ಹುಡುಗನದ್ದು 101 ಮೈಲಿ, ಅವನ ಅಮ್ಮ ಪಕ್ಕದಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು. ಅವನದು ಏನಾಯಿತು ಅಂತ ನೋಡಲು ಆಗಲಿಲ್ಲ, ನಮ್ಮ ಹೆಸರು ಮೊದಲು ಕರೆದರು. ಪೊಲೀಸಪ್ಪ ಅವತ್ತಿನ ಹಾಗೇ ಮರ್ಯಾದೆಯಿಂದ ನಡೆದದ್ದು ಹೇಳಿದ. ವಕೀಲರು ಸರ್ಟಿಫಿಕೇಟ್ ಕೊಟ್ಟರು. ಜಡ್ಜ್ ಕನ್ನಡಕದ ಮೇಲಿಂದ ನೋಡಿ 'ಇಂಪ್ರಾಪರ್ ಡ್ರೈವಿಂಗ್' ಅಂದರು. ದಂಡ, ಕೋರ್ಟ್ ಖರ್ಚು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು. ಐದು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ.

ಇಮಿಗ್ರೇಷನ್ ವಕೀಲರಿಗೂ ಫೋನ್ ಮಾಡಿದೆ. ಗ್ರೀನ್ ಕಾರ್ಡ್ ಫಾರಂನಲ್ಲಿ 'ನಿಮ್ಮನ್ನು ಯಾವತ್ತಾದರೂ ಅರೆಸ್ಟ್, ಸೈಟ್, ಚಾರ್ಜ್ ಮಾಡಿದ್ದಾರಾ' ಅಂತ ಕೇಳುವಾಗ 'ಹೌದು' ಅಂತಲೇ ಬರೆಯಬೇಕಂತೆ. ಮುಚ್ಚಿಟ್ಟರೆ ಅದೇ ಒಂದು ದೊಡ್ಡ ತಪ್ಪಾಗುತ್ತದೆ ಅಂದರು. ಕೋರ್ಟ್ ಕ್ಲರ್ಕ್ ಹತ್ತಿರ ಮುದ್ರೆ ಒತ್ತಿದ ತೀರ್ಪಿನ ಪ್ರತಿ ಮೂರು ತಗೊಂಡೆ. ಒಂದು ಬೀರುವಿನಲ್ಲಿ, ಒಂದು ವಕೀಲರ ಹತ್ತಿರ. ಇನ್ನೊಂದನ್ನು ಹೆಂಡತಿ ಮದುವೆ ಸರ್ಟಿಫಿಕೇಟ್ ಇರುವ ಫೈಲಿನಲ್ಲಿ ಸೇರಿಸಿದ್ದಾಳೆ.

ವಾಪಸ್ ಬರುವಾಗ ಅವಳೇ ಓಡಿಸಿದಳು. 68ರಲ್ಲಿ. ಎಲ್ಲ ಟ್ರಕ್ಕುಗಳೂ ನಮ್ಮನ್ನು ದಾಟಿಕೊಂಡು ಹೋದವು.

ಬಿಸಿಬೇಳೆ

ಸದ್ಯ! ಇವತ್ತು ಪಾಯಸ ಮಾಡಿಸಿ.

ಸೋಲಾಪುರ_ಚಾದರ

ಕ್ಯಾಲಿಬ್ರೇಷನ್ ಎಲ್ಲಿ ಮಾಡಿಸಿದಿರಿ, ಎಷ್ಟು ತಗೊಂಡರು? ನನ್ನ ಕಾರಿನದೂ ಯಾಕೋ ಒಂದು ಸಲ ನೋಡಿಸಬೇಕು ಅನ್ನಿಸುತ್ತಿದೆ.